ಡಿಸ್ಕ್ ಸತ್ತಿಲ್ಲ, ಅದರ ಕಾರ್ಡ್ ಕಳೆದುಹೋಗಿದೆ



ಇದು ಉದ್ದದ ಪೋಸ್ಟ್. ಹೋರಾಟದ ವಿಷಯ ಬಿಟ್ಟು ಇವನ್ಯಾಕೆ ಹಳೇ ಕಂಪ್ಯೂಟರ್ ರಿಪೇರಿ ಬಗ್ಗೆ ಬರೀತಿದ್ದಾನೆ ಅಂತ ಕೆಲವರಿಗೆ ಅನ್ನಿಸಬಹುದು. ಅರ್ಧಕ್ಕೆ ಬಿಟ್ಟು ಹೋದರೂ ಬೇಜಾರಿಲ್ಲ, ಆದರೆ ಇದೊಂದು ಮಾತು ತಲೇಲಿಟ್ಕೊಳ್ಳಿ. ನಿಮ್ಮ ತಾಲ್ಲೂಕಿನ ಸಂಘದ ಕಚೇರಿಯಲ್ಲೋ, ತೀರಿಕೊಂಡ ಹಿರಿಯ ಕಾರ್ಯಕರ್ತರ ಮನೆಯ ಅಟ್ಟದ ಮೇಲೋ 90ರ ದಶಕದ ಶುರುವಿನ ಕಂಪ್ಯೂಟರ್ ಇದ್ದರೆ ದಯವಿಟ್ಟು ಅದನ್ನ ಬಿಚ್ಚಬೇಡಿ. "ಮಾಹಿತಿ ಎಲ್ಲಾ ಹಾರ್ಡ್ ಡಿಸ್ಕ್‌ನಲ್ಲಿ ತಾನೇ ಇರೋದು" ಅಂತ ಡಿಸ್ಕ್ ಮಾತ್ರ ಕಳಚಿಟ್ಟುಕೊಂಡು ಮಿಕ್ಕಿದ್ದನ್ನ ಗುಜರಿಗೆ ಹಾಕಬೇಡಿ. ಆ ಕಾಲದ ಡಿಸ್ಕಿಗೆ ಕೇಬಲ್ ಕಟ್ಟಿರೋ ಒಂದು ಕಾರ್ಡ್ ಇರುತ್ತೆ. ಆ ಕಾರ್ಡ್ ಇಲ್ಲದೆ ಹೋದರೆ ಡಿಸ್ಕ್ ಬರೀ ಕಬ್ಬಿಣ.

ಯಾಕೆ ಹೇಳ್ತಿದ್ದೀನಿ ಅಂದರೆ, ನಮ್ಮ ಭಾಗದಲ್ಲಿ ಒಬ್ಬರು ಮೇಷ್ಟ್ರಿದ್ದರು. ಪ್ರೈಮರಿ ಸ್ಕೂಲ್ ಮೇಷ್ಟ್ರು. ಸಂಘಟನೆಯಲ್ಲಿ ಭಾಷಣ ಮಾಡಿದೋರಲ್ಲ, ವೇದಿಕೆ ಹತ್ತಿದೋರಲ್ಲ. ಅವರ ಕೆಲಸ ಒಂದೇ, ಬರೆದಿಡೋದು. ಪಿ.ಟಿ.ಸಿ.ಎಲ್. ಕಾಯ್ದೆ ನಿಮಗೆಲ್ಲಾ ಗೊತ್ತು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮುರಿದು ಯಾರಾದರೂ ಬರೆಸಿಕೊಂಡಿದ್ದರೆ ಆ ಕ್ರಯಾನೇ ಅಸಿಂಧು, ಜಮೀನು ವಾಪಸ್ ಬರಬೇಕು ಅನ್ನೋ 1978ರ ಕಾಯ್ದೆ. 1979ರ ಜನವರಿ 1ರಿಂದ ಜಾರಿಗೆ ಬಂತು. ಸುಪ್ರೀಂ ಕೋರ್ಟು 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಅದನ್ನ ಎತ್ತಿಹಿಡೀತು. ಅದಾದ ಮೇಲೆ ನಮ್ಮ ಕಡೆ ಹಟ್ಟಿ ಹಟ್ಟಿಯಿಂದ ಅರ್ಜಿಗಳು ಎ.ಸಿ. ಕಚೇರಿಗೆ ಹೋದವು. ಯಾವ ಊರು, ಸರ್ವೆ ನಂಬರ್ ಎಷ್ಟು, ಮಂಜೂರಾದ ವರ್ಷ, ಯಾರ ಹೆಸರಿಗೆ, ಯಾರಿಗೆ ಮಾರಾಟ ಆಯ್ತು, ಅರ್ಜಿ ಕೊಟ್ಟ ತಾರೀಖು, ಕಚೇರಿ ಕೊಟ್ಟ ನಂಬರ್ ಯಾವುದು, ಎಲ್ಲವನ್ನೂ ಮೇಷ್ಟ್ರು ಮೊದಲು ನೋಟ್ ಬುಕ್ಕಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ ಇಡ್ತಾ ಬಂದರು. ಕಂಪ್ಯೂಟರ್ ಎಲ್ಲಿಂದ ಬಂತು ಅಂದರೆ, ಪಟ್ಟಣದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸ್ತಿದ್ದ ಒಬ್ಬ ಸಾಹೇಬ್ರು ಎರಡು ಮಷಿನ್ ತಂದಿದ್ದರು, ಒಂದನ್ನ ಕಡಿಮೆ ದುಡ್ಡಿಗೆ ಸಂಘಕ್ಕೆ ಬಿಟ್ಟುಕೊಟ್ಟರು. ಐಬಿಎಂ ಪಿಸಿ ಎಕ್ಸ್‌ಟಿಯ ನಕಲು. ಎರಡು ಇಟ್ಟಿಗೆ ಜೋಡಿಸಿದಷ್ಟು ದಪ್ಪದ ಪೆಟ್ಟಿಗೆ, ಹಸಿರು ಅಕ್ಷರದ ಪರದೆ.

ಮೇಷ್ಟ್ರು ಹೋಗಿಬಿಟ್ಟರು. ನೋಟ್ ಬುಕ್ಕುಗಳನ್ನ ಗೆದ್ದಲು ತಿಂತು. ಮಷಿನ್ನನ್ನ ಯಾರೋ ಗುಜರಿಗೆ ಹಾಕಿದರು. ಹಾಕೋ ಮುಂಚೆ, ಪುಣ್ಯಕ್ಕೆ, ಹಾರ್ಡ್ ಡಿಸ್ಕ್ ಬಿಚ್ಚಿ ಅಕ್ಕನ ಕೈಗೆ ಕೊಟ್ಟಿದ್ದರು. ಅಕ್ಕ ಅಂದರೆ ಮೇಷ್ಟ್ರ ಹೆಂಡತಿ. ಅವರು ಅದನ್ನ ಹಳೇ ಸೀರೆ ತುಂಡಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದರು, ಮೇಷ್ಟ್ರ ಸರ್ವಿಸ್ ರಿಜಿಸ್ಟರ್ ನಕಲಿನ ಜೊತೆಗೆ.

ಈಗ ಆ ಪಟ್ಟಿ ಯಾಕೆ ಬೇಕಾಯ್ತು ಅನ್ನೋದು ಕೋರ್ಟಿಗೆ ಅಲೆದಿರೋ ಎಲ್ಲರಿಗೂ ಗೊತ್ತು. 2017ರ ಅಕ್ಟೋಬರಿನಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅರ್ಜಿಯನ್ನ "ಸಮಂಜಸವಾದ ಕಾಲಾವಧಿ"ಯೊಳಗೆ ಹಾಕಿರಬೇಕು ಅಂದುಬಿಡ್ತು. ಅಲ್ಲಿಂದ ನಮ್ಮ ಅರ್ಜಿಗಳು ತಡ ಆಯ್ತು ಅನ್ನೋ ಒಂದೇ ಕಾರಣಕ್ಕೆ ಸಾಲುಸಾಲಾಗಿ ಬಿದ್ದವು. ಬೀದಿಗಿಳಿದು ಹೋರಾಡಿದ ಮೇಲೆ 2023ರಲ್ಲಿ ರಾಜ್ಯ ಸರ್ಕಾರ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ತಂತು. ತಂದ ಮೇಲೂ "ಇಷ್ಟು ವರ್ಷ ಏನ್ ಮಾಡ್ತಿದ್ರಿ" ಅನ್ನೋ ಪ್ರಶ್ನೆ ಕೋರ್ಟಿನಲ್ಲಿ ನಿಂತಿಲ್ಲ. ಏನ್ ಮಾಡ್ತಿದ್ವಿ? ಅರ್ಜಿ ಕೊಟ್ಟು ಕಾಯ್ತಿದ್ವಿ. ಆದರೆ 90ರ ದಶಕದಲ್ಲಿ ಕೊಟ್ಟ ಅರ್ಜಿಯ ನಂಬರೂ ತಾರೀಖೂ ಹೇಳದೆ ರೆಕಾರ್ಡ್ ರೂಮಿನಲ್ಲಿ ಫೈಲ್ ಹುಡುಕಿಸೋಕೆ ಆಗಲ್ಲ. "ಇಂಥಾ ಫೈಲ್ ಲಭ್ಯವಿಲ್ಲ" ಅನ್ನೋ ಒಂದು ಸಾಲಿನ ಹಿಂಬರಹ ಎಷ್ಟು ಜನರ ಕೈಲಿದೆ ಅಂತ ಎಣಿಸಿದರೆ ಗೊತ್ತಾಗುತ್ತೆ. ಆ ನಂಬರು, ತಾರೀಖು ಮೇಷ್ಟ್ರ ಡಿಸ್ಕಿನಲ್ಲಿತ್ತು.

ನಾನು ಹೇಳಿ ಕೇಳಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಜೋಡಿಸ್ತಿದ್ದೋನು. ಹಾಗಾಗಿ ಅಕ್ಕ ಡಿಸ್ಕ್ ತಂದು ನನ್ನ ಕೈಲಿಟ್ಟರು. ಅಷ್ಟರಲ್ಲಿ ಅದು ಒಂದು ಡೇಟಾ ರಿಕವರಿ ಅಂಗಡಿಗೆ ಹೋಗಿಬಂದಿತ್ತು. ಅವರು ಹಳೇ ಮಷಿನ್ನಿಗೆ ಹಾಕಿ ನೋಡಿ, "ಡಿಸ್ಕ್ ಸತ್ತೋಗಿದೆ, ಬಿಸಾಕಿ" ಅಂದಿದ್ದರು.

ಸೀಗೇಟ್ ಕಂಪನಿಯ ಎಸ್‌ಟಿ-225. 80ರ ದಶಕದ ನಡುವೆ ಪ್ರಪಂಚದಲ್ಲೆಲ್ಲಾ ಓಡಿದ ಡಿಸ್ಕ್. ಐದೂಕಾಲು ಇಂಚಿನದ್ದು, ಕೈಲಿ ಹಿಡಿದರೆ ಸಣ್ಣ ಹಾರೆ ಹಿಡಿದಷ್ಟು ಭಾರ. 615 ಸಿಲಿಂಡರ್, 4 ಹೆಡ್, ಜಾಗ 20 ಎಂಬಿ. ಈಗ ನಿಮ್ಮ ಫೋನಿನಲ್ಲಿ ಒಂದೈದಾರು ಫೋಟೋ ತೆಗೆದರೆ ಅಷ್ಟು ಜಾಗ ಮುಗೀತು.

ಈ ಡಿಸ್ಕ್ ವಿಷಯದಲ್ಲಿ ಈಗಿನ ಹುಡುಗರಿಗೆ ಗೊತ್ತಿಲ್ಲದೇ ಇರೋದು ಒಂದಿದೆ. ಈಗಿನ ಹಾರ್ಡ್ ಡಿಸ್ಕ್ ತನ್ನ ಬುದ್ಧಿ ತನ್ನ ಹೊಟ್ಟೇಲೇ ಇಟ್ಟುಕೊಂಡಿರುತ್ತೆ. ಯಾವ ಕಂಪ್ಯೂಟರಿಗೆ ಸಿಕ್ಕಿಸಿದರೂ "ಇಂತಿಂಥ ಜಾಗದ ಮಾಹಿತಿ ಕೊಡು" ಅಂದರೆ ಕೊಡುತ್ತೆ. ಎಸ್‌ಟಿ-225 ಹಾಗಲ್ಲ. ಅದರ ಹೊಟ್ಟೆ ಕೆಳಗಿರೋ ಬೋರ್ಡಿಗೆ ತಟ್ಟೆ ತಿರುಗಿಸೋದು, ಹೆಡ್ಡನ್ನ ಒಂದೊಂದೇ ಹೆಜ್ಜೆ ಒಳಕ್ಕೆ ಹೊರಕ್ಕೆ ಸರಿಸೋದು, ತಟ್ಟೆ ಮೇಲಿನ ಕಾಂತದ ಏರಿಳಿತವನ್ನ ವಿದ್ಯುತ್ತಿನ ಏಟಾಗಿ ಕೇಬಲ್ಲಿಗೆ ಬಿಡೋದು, ಇಷ್ಟೇ ಗೊತ್ತು. ಆ ಏಟಿನಲ್ಲಿ ಯಾವುದು ಸೊನ್ನೆ, ಯಾವುದು ಒಂದು, ಎಲ್ಲಿಂದ ಒಂದು ಸೆಕ್ಟರ್ ಶುರು, ಎಲ್ಲಿ ಮುಗೀತು, ಅದರ ನಂಬರ್ ಏನು, ಇದ್ಯಾವುದೂ ಡಿಸ್ಕಿಗೆ ಗೊತ್ತಿಲ್ಲ. ಅದನ್ನೆಲ್ಲಾ ನೋಡಿಕೊಳ್ಳೋದು ಕಂಪ್ಯೂಟರಿನ ಒಳಗೆ ಸ್ಲಾಟಿನಲ್ಲಿ ಕೂತಿರೋ ಕಂಟ್ರೋಲರ್ ಕಾರ್ಡ್.

ಊರ ಕಡೆ ಲೆಕ್ಕದಲ್ಲಿ ಹೇಳ್ತೀನಿ. ರಾಗಿ ಬಿತ್ತೋವಾಗ ಕೂರಿಗೆ ಹೂಡ್ತೀವಲ್ಲ. ಕೂರಿಗೆ ತಾಳಿನ ನಡುವೆ ಎಷ್ಟು ಅಂತರ ಇರುತ್ತೋ ಪೈರಿನ ಸಾಲೂ ಅಷ್ಟೇ ಅಂತರಕ್ಕೆ ಬರುತ್ತೆ. ಆಮೇಲೆ ಎಡೆಕುಂಟೆ ಹೊಡೆಯೋವಾಗ ಅದೇ ಅಳತೆಯ ಕುಂಟೆ ಬೇಕು. ಪಕ್ಕದ ಮನೆಯವರ ಕುಂಟೆ ತಂದು ಹೊಡೆದರೆ ಕಳೆ ಜೊತೆಗೆ ಪೈರೂ ಕಿತ್ತು ಬರುತ್ತೆ. ಡಿಸ್ಕಿನ ತಟ್ಟೆ ಹೊಲ. ಕಂಟ್ರೋಲರ್ ಕಾರ್ಡ್ ಮೊದಲ ದಿನವೇ ತನ್ನ ಕೂರಿಗೆ ಹೂಡಿ ಸಾಲು ಎಳೆದಿರುತ್ತೆ. ಅದಕ್ಕೆ ಲೋ ಲೆವೆಲ್ ಫಾರ್ಮ್ಯಾಟ್ ಅಂತಾರೆ. ಒಂದು ಸುತ್ತಿನಲ್ಲಿ ಎಷ್ಟು ಸೆಕ್ಟರ್, ಪ್ರತಿ ಸೆಕ್ಟರಿನ ತಲೆಯಲ್ಲಿ ಯಾವ ಗುರುತು, ಕೊನೆಗೆ ತಪ್ಪು ಹಿಡಿಯೋಕೆ ಯಾವ ಲೆಕ್ಕ, ಎಲ್ಲಾ ಆ ಕಾರ್ಡ್ ಮಾಡಿದ ಕಂಪನಿಯ ಇಷ್ಟ. ಬೇರೆ ಕಂಪನಿಯ ಕಾರ್ಡಿಗೆ ಆ ಸಾಲು ಗೊತ್ತಾಗಲ್ಲ. ಕೇಬಲ್ ಸರಿಯಾಗಿ ಕೂರುತ್ತೆ, ಪಿನ್ ಒಂದೇ, ವೋಲ್ಟೇಜ್ ಒಂದೇ, ಆದರೂ ಓದಲ್ಲ. ಕೆಲವು ಸಲ ಒಂದೇ ಕಂಪನಿಯ ಎರಡು ಮಾಡೆಲ್ ಕಾರ್ಡುಗಳಿಗೂ ಹೊಂದಾಣಿಕೆ ಇರಲ್ಲ.

ಆ ಅಂಗಡಿಯವರು ಸತ್ತಿದೆ ಅಂದ ಡಿಸ್ಕನ್ನ ನಾನು ಅದೇ ಥರದ್ದೇ ಒಂದು ಎಂಎಫ್‌ಎಂ ಕಾರ್ಡಿಗೆ ಕಟ್ಟಿ ನೋಡಿದೆ. ಕರೆಂಟ್ ಕೊಟ್ಟ ತಕ್ಷಣ ತಟ್ಟೆ ತಿರುಗಿತು. ಹೆಡ್ ಟಕಟಕ ಅಂತ ಹೊರಗಡೆ ಬಂದು ಸೊನ್ನೆಯ ಟ್ರ್ಯಾಕಿಗೆ ನಿಂತು "ಬಂದಿದ್ದೀನಿ" ಅಂತ ಸಿಗ್ನಲ್ ಕೊಡ್ತು. ಅಂದರೆ ಮೋಟಾರ್ ಸರಿ ಇದೆ, ಹೆಡ್ ಸರಿಸೋ ಸ್ಟೆಪ್ಪರ್ ಸರಿ ಇದೆ, ಬೋರ್ಡ್ ಸರಿ ಇದೆ. ಸತ್ತ ಡಿಸ್ಕ್ ಇಷ್ಟೆಲ್ಲಾ ಮಾಡಲ್ಲ. ಓದು ಅಂದಾಗ ಮಾತ್ರ ಒಂದು ಸೆಕ್ಟರೂ ಸಿಗಲಿಲ್ಲ. ಮೊದಲ ಟ್ರ್ಯಾಕಲ್ಲೂ ಇಲ್ಲ, ಕೊನೇದರಲ್ಲೂ ಇಲ್ಲ, ನಾಲ್ಕು ಹೆಡ್ಡಿನಲ್ಲೂ ಇಲ್ಲ. ನನಗೆ ಆಗಲೇ ಗುಮಾನಿ ಬಂತು. ಕಾಯಿಲೆ ಬಿದ್ದ ಡಿಸ್ಕ್ ಅಲ್ಲಲ್ಲಿ ಕೈಕೊಡುತ್ತೆ, ಒಂದು ಕಡೆ ಓದುತ್ತೆ ಇನ್ನೊಂದು ಕಡೆ ಬಿಡುತ್ತೆ. ಎಲ್ಲಾ ಕಡೆ ಒಂದೇ ಸಮ ಇಲ್ಲ ಅಂದರೆ ರೋಗ ಡಿಸ್ಕಿಗಲ್ಲ, ಓದೋನಿಗೇ ಭಾಷೆ ಬರ್ತಿಲ್ಲ ಅಂತ.

ಇಂಥ ಹೊತ್ತಲ್ಲಿ ದೊಡ್ಡ ಅನಾಹುತ ಆಗೋದು. ಕಾರ್ಡಿಗೆ ಸಾಲು ಸಿಗದಿದ್ದರೆ ಪರದೆ ಮೇಲೆ ಕಾಣೋದು ದೋಷದ ನಂಬರು, ಎಕ್ಸ್‌ಟಿಯಲ್ಲಿ ಬಹಳ ಸಲ 1701. ಪಕ್ಕದಲ್ಲಿರೋ ಜಾಣ "ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತೆ" ಅಂತಾನೆ. ಸರಿಹೋಗುತ್ತೆ ನಿಜ. ಡೀಬಗ್ ತೆಗೆದು ಜಿ=ಸಿ800:5 ಅಂತ ಕೊಟ್ಟರೆ ಕಾರ್ಡಿನ ರಾಮ್‌ನಲ್ಲೇ ಇರೋ ಪ್ರೋಗ್ರಾಮ್ ಏಳುತ್ತೆ, ಹೊಸ ಕೂರಿಗೆ ಹೂಡುತ್ತೆ, ಹೊಲ ಪೂರ್ತಿ ಉತ್ತು ಹೊಸ ಸಾಲು ಎಳೆಯುತ್ತೆ. ಡಿಸ್ಕ್ ಹೊಸದರ ಹಾಗೆ ಓಡುತ್ತೆ. ಒಳಗಿದ್ದ ಬೆಳೆ ಹೋಯ್ತು. ಡಾಸ್‌ನ ಫಾರ್ಮ್ಯಾಟ್ ಆದರೆ ಹಾರ್ಡ್ ಡಿಸ್ಕಿನ ಮಾಹಿತಿಯನ್ನ ಬಹುಪಾಲು ವಾಪಸ್ ತರಬಹುದು, ಲೋ ಲೆವೆಲ್ ಆದ ಮೇಲೆ ಏನೂ ಉಳಿಯಲ್ಲ.

ಸರಿ, ಹಾಗಾದರೆ ಯಾವ ಕಾರ್ಡ್? ಇಲ್ಲಿ ನಮ್ಮನ್ನ ಕಾಪಾಡಿದ್ದು ಸಂಘದ ಜಮಾಖರ್ಚಿನ ಪುಸ್ತಕ. ನಮ್ಮ ಹಿರಿಯರ ಬಗ್ಗೆ ಏನೇ ಹೇಳಿ, ಒಂದು ರೂಪಾಯಿ ಚಹಾ ಖರ್ಚನ್ನೂ ಬರೆದಿಟ್ಟಿದ್ದಾರೆ. ಲೆಕ್ಕ ತಪ್ಪಿದರೆ ನಮ್ಮನ್ನ ಕಳ್ಳರು ಅನ್ನೋಕೆ ಊರು ಕಾದು ಕೂತಿರುತ್ತೆ ಅನ್ನೋದು ಅವರಿಗೆ ಗೊತ್ತಿತ್ತು. ಅದರಲ್ಲಿ ಕಂಪ್ಯೂಟರ್ ತಗೊಂಡ ದಿನದ ಸಾಲಿನಲ್ಲಿ ಮೇಷ್ಟ್ರ ಕೈಬರಹ: "ಹಾರ್ಡ್ ಡಿಸ್ಕ್ 30 ಎಂ.ಬಿ."

ಲೇಬಲ್ಲು ಹೇಳೋ ಎಸ್‌ಟಿ-225 ಅನ್ನೋದು 20 ಎಂಬಿ ಡಿಸ್ಕು. ಪುಸ್ತಕ 30 ಅನ್ನುತ್ತೆ. ಹಳೇ ಅಂಗಡಿಯವರಿಗೆ ಇದು ಓದಿದ ತಕ್ಷಣ ಅರ್ಥ ಆಗುತ್ತೆ.

ಇಪ್ಪತ್ತನ್ನ ಮೂವತ್ತು ಮಾಡೋ ಉಪಾಯ ಒಂದಿತ್ತು. ತಟ್ಟೆ ಮೇಲೆ ಬರೆಯೋದಕ್ಕೆ ಎರಡು ಪದ್ಧತಿ, ಎಂಎಫ್‌ಎಂ ಮತ್ತು ಆರ್‌ಎಲ್‌ಎಲ್. ತಮಟೆ ಕೇಳಿದೋರಿಗೆ ಇದು ಸುಲಭ. ತಮಟೆಯಲ್ಲಿ ಏಟು ಎಲ್ಲಾ ಹೆಚ್ಚುಕಡಿಮೆ ಒಂದೇ, ವರಸೆ ಬದಲಾಗೋದು ಏಟಿನ ನಡುವಿನ ಬಿಡುವಿನಲ್ಲಿ. ಡಿಸ್ಕ್ ಮೇಲೂ ಮಾಹಿತಿ ಇರೋದು ಏಟಿನಲ್ಲಲ್ಲ, ಬಿಡುವಿನಲ್ಲಿ. ಎಂಎಫ್‌ಎಂನಲ್ಲಿ ಬಿಡುವು ಮೂರೇ ಥರ. ಆರ್‌ಎಲ್‌ಎಲ್‌ನಲ್ಲಿ ಆರು ಥರ. ಬಿಡುವಿನ ಬಗೆ ಜಾಸ್ತಿ ಆದಷ್ಟೂ ಅದೇ ಏಟುಗಳಲ್ಲಿ ಜಾಸ್ತಿ ಮಾತು ತುಂಬಬಹುದು. ಹಾಗಾಗಿ ಎಂಎಫ್‌ಎಂ ಕಾರ್ಡ್ ಒಂದು ಟ್ರ್ಯಾಕಿನಲ್ಲಿ 17 ಸೆಕ್ಟರ್ ಕೂರಿಸಿದರೆ ಆರ್‌ಎಲ್‌ಎಲ್ ಕಾರ್ಡ್ ಅದೇ ಜಾಗದಲ್ಲಿ 26 ಕೂರಿಸುತ್ತೆ. ಲೆಕ್ಕ ಹಾಕಿ ನೋಡಿ: 615 ಸಿಲಿಂಡರ್, 4 ಹೆಡ್, 26 ಸೆಕ್ಟರ್, ಒಂದೊಂದರಲ್ಲಿ 512 ಬೈಟ್. 3 ಕೋಟಿ 27 ಲಕ್ಷ ಬೈಟ್ ಚಿಲ್ಲರೆ. 17 ಸೆಕ್ಟರಿನ ಲೆಕ್ಕದಲ್ಲಿ 2 ಕೋಟಿ 14 ಲಕ್ಷ.

ಆರ್‌ಎಲ್‌ಎಲ್‌ಗೆ ಅಂತಲೇ ಪರೀಕ್ಷೆ ಮಾಡಿ ಸೀಗೇಟ್ ಮಾರ್ತಿದ್ದ ಡಿಸ್ಕ್ ಬೇರೆ ಇತ್ತು, ಎಸ್‌ಟಿ-238ಆರ್. ಆದರೆ ಅಗ್ಗದ 225ಕ್ಕೇ ಆರ್‌ಎಲ್‌ಎಲ್ ಕಾರ್ಡ್ ಕಟ್ಟಿ 30 ಎಂಬಿ ಮಾಡಿಕೊಡೋದು ಆಗ ಎಲ್ಲಾ ಕಡೆ ಇದ್ದ ಅಭ್ಯಾಸ, ಅಮೆರಿಕದಲ್ಲೂ ಇತ್ತು. ಕಂಪನಿ ಬೇಡ ಅಂತಿತ್ತು, ಮಾಹಿತಿ ಕ್ರಮೇಣ ಕೆಡುತ್ತೆ ಅಂತಿತ್ತು. ಕೆಲವು ಡಿಸ್ಕ್ ಕೆಟ್ಟವು, ಕೆಲವು ವರ್ಷಗಟ್ಟಲೆ ಓಡಿದವು. ಬಡವರ ಮಷಿನ್ನಿನಲ್ಲಿ ಯಾವುದು ಇರುತ್ತೆ ಅಂತ ಬೇರೆ ಹೇಳಬೇಕಾ.

ಜಮಾಖರ್ಚಿನ ಒಂದು ಸಾಲನ್ನ ನಂಬಿ ಕೆಲಸ ಶುರು ಮಾಡೋ ಮುಂಚೆ ಖಾತ್ರಿ ಮಾಡ್ಕೋಬೇಕಿತ್ತು. ಪರಿಚಯದ ಒಬ್ಬ ಉಪನ್ಯಾಸಕರು ಅವರ ಕಾಲೇಜು ಲ್ಯಾಬಿನ ಆಸಿಲೋಸ್ಕೋಪ್ ಕೊಟ್ಟರು. ಡಿಸ್ಕಿನಿಂದ ಎರಡು ಕೇಬಲ್ ಬರುತ್ತೆ, ಅಗಲದ್ದು 34 ತಂತಿ, ಅದು ಅಪ್ಪಣೆಗೆ. ಕಿರಿದು 20 ತಂತಿ, ಅದು ಮಾಹಿತಿಗೆ. ಆ 20 ತಂತಿಯದರಲ್ಲಿ ಓದಿದ ಸಿಗ್ನಲ್ ಬರೋ ಜೋಡಿಯನ್ನ ಸ್ಕೋಪಿಗೆ ಕಟ್ಟಿದ್ವಿ. ಎಂಎಫ್‌ಎಂ ಆಗಿದ್ದರೆ ಏಟಿನ ನಡುವೆ ಮೂರು ಅಂತರ ಕಾಣಬೇಕು, 200, 300, 400 ನ್ಯಾನೋ ಸೆಕೆಂಡ್. ಪರದೆ ಮೇಲೆ ಎಣಿಸಿದೆ. ಆರು. ಅಕ್ಕ ಪಕ್ಕದಲ್ಲೇ ಸ್ಟೂಲ್ ಮೇಲೆ ಕೂತಿದ್ದರು. "ಏನಪ್ಪಾ ಅದು ಕುಣೀತಾ ಇರೋದು" ಅಂದರು. "ಮೇಷ್ಟ್ರು ಬರೆದಿದ್ದು ಅಕ್ಕ, ಹಂಗೇ ಇದೆ" ಅಂದೆ. ಅವರೇನೂ ಮಾತಾಡಲಿಲ್ಲ, ಸೆರಗು ಸರಿಮಾಡಿಕೊಂಡು ಮತ್ತೆ ನೋಡ್ತಾ ಕೂತರು.

ಇನ್ನು ಕಾರ್ಡ್ ಬೇಟೆ. ಆರ್‌ಎಲ್‌ಎಲ್ ಅಂತ ಗೊತ್ತಾದರೆ ಸಾಲದು. ವೆಸ್ಟರ್ನ್ ಡಿಜಿಟಲ್‌ದು ಒಂದು ಥರ, ಅಡಾಪ್ಟೆಕ್‌ದು ಒಂದು ಥರ, ಸೀಗೇಟ್ ತಾನೇ ಮಾಡಿದ ಎಸ್‌ಟಿ-11ಆರ್ ಇನ್ನೊಂದು ಥರ. ಎಸ್.ಪಿ. ರೋಡಿನಲ್ಲಿ ಗೊತ್ತಿರೋ ಅಂಗಡಿಗಳನ್ನೆಲ್ಲಾ ಸುತ್ತಿದೆ. "ಆ ಕಾಲದ ಕಾರ್ಡ್ ಎಲ್ಲಿ ಸಾರ್, ಕೆ.ಜಿ. ಲೆಕ್ಕದಲ್ಲಿ ಹೋಗಿ ಎಷ್ಟೋ ವರ್ಷ ಆಯ್ತು" ಅಂದರು. ಹಳೇ ಕಾರ್ಡಿನ ಅಂಚಿನಲ್ಲಿ ಚಿನ್ನದ ಲೇಪ ದಪ್ಪ ಇರುತ್ತೆ. ಅದಕ್ಕೇ ಅವು ಮೊದಲು ಹೋಗೋದು. ಆಸಿಡ್ಡಿನಲ್ಲಿ ಅದ್ದಿ ಬರಿಗೈಲಿ ಆ ಚಿನ್ನ ತೆಗೆಯೋರು ಯಾರು, ಆ ಹೊಗೆ ಕುಡಿಯೋರು ಯಾರು ಅಂತ ಈ ಗೋಡೆ ಓದೋರಿಗೆ ವಿವರಿಸಬೇಕಿಲ್ಲ. ನಮ್ಮ ದಾಖಲೆ ಓದೋ ಕಾರ್ಡನ್ನ ನಮ್ಮ ಮಕ್ಕಳ ಕೈಯಲ್ಲೇ ಕರಗಿಸಿರ್ತಾರೆ.

ಆಗ ನೆನಪಾಗಿದ್ದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಸಾಹೇಬ್ರ ಇನ್ನೊಂದು ಮಷಿನ್. ಎರಡೂ ಒಂದೇ ದಿನ ಒಬ್ಬನೇ ಡೀಲರ್ ಜೋಡಿಸಿಕೊಟ್ಟಿದ್ದು. ಸಾಹೇಬ್ರು ಈಗಿಲ್ಲ, ಮಗ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಮಷಿನ್ ಇತ್ತು! ಅಂಗಡಿಯ ಹಿಂದೆ, ಅದರ ಮೇಲೆ ಪೇಪರ್ ಬಂಡಲ್ ಜೋಡಿಸಿದ್ದರು. ಒಳಗಡೆ ಇಲಿ ಗೂಡು. ಕಾರ್ಡ್ ಮಾತ್ರ ಸ್ಲಾಟಿನಲ್ಲೇ ಇತ್ತು, ವೆಸ್ಟರ್ನ್ ಡಿಜಿಟಲ್, ಡಬ್ಲ್ಯುಡಿ1002-27ಎಕ್ಸ್. ಆರ್‌ಎಲ್‌ಎಲ್ ಕಾರ್ಡು. ದುಡ್ಡು ಎಷ್ಟಪ್ಪಾ ಅಂದೆ. "ಅಬ್ಬಾ ಇದ್ದಿದ್ರೆ ತಗೋತಿದ್ರಾ ಭಾಯ್" ಅಂದ ಹುಡುಗ. ಚಹಾನೂ ಅವನೇ ಕುಡಿಸಿದ.

ಕಟ್ಟೋವಾಗಿನ ಕೆಲವು ಸೂಕ್ಷ್ಮ ಬರೆದಿಡ್ತೀನಿ, ಮುಂದೆ ಯಾರಿಗಾದರೂ ಬೇಕಾಗುತ್ತೆ. ಕಾರ್ಡ್ 8 ಬಿಟ್‌ದು, ಐಎಸ್‌ಎ ಸ್ಲಾಟ್ ಇರೋ ಯಾವ ಹಳೇ ಬೋರ್ಡಿಗಾದರೂ ಕೂರುತ್ತೆ. ನಾನು ಪೆಂಟಿಯಂ ಬೋರ್ಡಿಗೆ ಹಾಕಿದೆ. ಸೆಟಪ್ಪಿನಲ್ಲಿ ಹಾರ್ಡ್ ಡಿಸ್ಕ್ "ಇಲ್ಲ" ಅಂತಲೇ ಇಡಬೇಕು, ಯಾಕೆಂದರೆ ಎಕ್ಸ್‌ಟಿ ಕಾರ್ಡಿಗೆ ತನ್ನದೇ ರಾಮ್ ಇದೆ, ಅದು ತಾನೇ ಬಂದು ಡಿಸ್ಕನ್ನ ವಹಿಸಿಕೊಳ್ಳುತ್ತೆ. ಎಟಿ ಕಾಲದ 16 ಬಿಟ್ ಕಾರ್ಡಾದರೆ ಉಲ್ಟಾ, ಅಲ್ಲಿ ಸೆಟಪ್ಪಿನಲ್ಲಿ ಡಿಸ್ಕಿನ ಟೈಪ್ ನಂಬರ್ ಸರಿಯಾಗಿ ಕೊಡಬೇಕು. ಆ ನಂಬರ್ ಇರೋದು ಬ್ಯಾಟರಿಯ ಜೀವದ ಮೇಲೆ, ಬ್ಯಾಟರಿ ಸತ್ತು ಎಷ್ಟೋ ಕಾಲ ಆಗಿರುತ್ತೆ. ಹಾಗಾಗಿ ಕೇಸಿನ ಒಳಗೆ, ಮ್ಯಾನುಯಲ್ ಮೇಲೆ ಎಲ್ಲಾದರೂ ಪೆನ್ಸಿಲಿನಲ್ಲಿ ಒಂದು ನಂಬರ್ ಗೀಚಿದ್ದರೆ ಅಳಿಸಬೇಡಿ. 34 ತಂತಿ ಕೇಬಲ್ ಫ್ಲಾಪಿ ಕೇಬಲ್ ಥರಾನೇ ಕಾಣುತ್ತೆ, ಎರಡಕ್ಕೂ ಮಧ್ಯೆ ಒಂದು ತಿರುವು ಇರುತ್ತೆ, ಆದರೆ ತಿರುವು ಬೇರೆ. ಫ್ಲಾಪಿಯದು 10ರಿಂದ 16ನೇ ತಂತಿ, ಹಾರ್ಡ್ ಡಿಸ್ಕಿನದು 25ರಿಂದ 29. ಒಂದರ ಬದಲು ಒಂದು ಹಾಕಬೇಡಿ. ಸಾಲಿನ ಕೊನೆಯ ಡಿಸ್ಕಿನಲ್ಲಿ ಮಾತ್ರ ಟರ್ಮಿನೇಟರ್ ರೆಸಿಸ್ಟರ್ ಇರಬೇಕು.

ಇನ್ನೊಂದು, ಈ ಡಿಸ್ಕಿನ ಹೆಡ್ ಸರಿಸೋದು ಸ್ಟೆಪ್ಪರ್ ಮೋಟಾರ್. ಟ್ರ್ಯಾಕಿನ ಮೇಲೇ ಇದ್ದೀನಾ ಅಂತ ಅದು ತಿರುಗಿ ನೋಡಲ್ಲ, ಎಣಿಸಿದಷ್ಟು ಹೆಜ್ಜೆ ಇಟ್ಟು ನಿಲ್ಲುತ್ತೆ ಅಷ್ಟೇ. ಬಿಸಿ ಆದಾಗ ಲೋಹ ಹಿಗ್ಗುತ್ತೆ, ಜಾಗ ಕೂದಲೆಳೆಯಷ್ಟು ಸರಿಯುತ್ತೆ. ಅದಕ್ಕೇ ಕರೆಂಟ್ ಕೊಟ್ಟ ತಕ್ಷಣ ಓದೋಕೆ ಹೋಗಬೇಡಿ. ಅರ್ಧ ಗಂಟೆ ಸುಮ್ಮನೆ ತಿರುಗೋಕೆ ಬಿಡಿ. ಡಿಸ್ಕ್ ಮಲಗಿಸಿ ಇಟ್ಟಿದ್ದರೋ ಅಂಚಿನ ಮೇಲೆ ನಿಲ್ಲಿಸಿದ್ದರೋ ಅದೇ ಭಂಗಿಯಲ್ಲಿ ಇಟ್ಟು ಓದಿ. ಕೆಲಸ ಮುಗಿದು ಆರಿಸೋ ಮುಂಚೆ ಪಾರ್ಕ್ ಮಾಡೋ ಪ್ರೋಗ್ರಾಮ್ ಓಡಿಸಿ, 225ಕ್ಕೆ ಆರಿಸಿದಾಗ ಹೆಡ್ಡನ್ನ ತಾನಾಗೇ ಪಕ್ಕಕ್ಕಿಡೋ ಬುದ್ಧಿ ಇಲ್ಲ, ಎಲ್ಲಿದ್ದರೆ ಅಲ್ಲೇ ಮಾಹಿತಿ ಮೇಲೆ ಕೂತುಬಿಡುತ್ತೆ. ಮತ್ತೆ, ಫೈಲ್ ತೆಗೆದು ನೋಡೋ ಆಸೆಗೆ ಬೀಳಬೇಡಿ. ಮೊದಲು ಪೂರ್ತಿ ಡಿಸ್ಕನ್ನ ಸೆಕ್ಟರ್ ಸೆಕ್ಟರಾಗಿ ನಕಲು ಮಾಡಿ, ಏನು ಮಾಡಿದರೂ ನಕಲಿನ ಮೇಲೆ ಮಾಡಿ.

ಫ್ಲಾಪಿಯಿಂದ ಡಾಸ್ ಎದ್ದಿತು. ಸಿ ಡ್ರೈವ್ ಬಂತು. ಸೀರಿಯಲ್ ಕೇಬಲ್ಲಿನಲ್ಲಿ ಪಕ್ಕದ ಲ್ಯಾಪ್‌ಟಾಪಿಗೆ ನಕಲು ಇಳಿಸೋಕೆ ರಾತ್ರಿ ಪೂರ್ತಿ ಹಿಡೀತು, ಮಧ್ಯೆ ಮಧ್ಯೆ ಒಂದೊಂದು ಸೆಕ್ಟರಿಗೆ ಹತ್ತು ಹದಿನೈದು ಸಲ ಪ್ರಯತ್ನ ಮಾಡ್ತಾ ಇತ್ತು. ಸ್ವಲ್ಪ ಸೆಕ್ಟರ್ ಸಿಗಲೇ ಇಲ್ಲ. ಕಂಪನಿ ಕೊಟ್ಟ ಎಚ್ಚರಿಕೆ ಸುಳ್ಳಲ್ಲ. ಕಾರ್ಡೇ ಸಿಗದಿದ್ದರೂ ದಾರಿ ಇದೆ ಅಂತ ಇಲ್ಲೇ ಹೇಳಿಬಿಡ್ತೀನಿ: ಬೀಗಲ್‌ಬೋನ್ ಅನ್ನೋ ಸಣ್ಣ ಬೋರ್ಡಿಗೆ ಕಟ್ಟೋ ಒಂದು ಸಾಧನ ಇದೆ. ಅದು ಏಟು-ಬಿಡುವನ್ನ ಹಂಗೇ ಹಿಡಿದಿಟ್ಟುಕೊಳ್ಳುತ್ತೆ, ಯಾವ ಕಾರ್ಡ್ ಬರೆದಿದ್ದು ಅನ್ನೋದನ್ನ ಆಮೇಲೆ ಸಾಫ್ಟ್‌ವೇರ್ ಲೆಕ್ಕ ಹಾಕುತ್ತೆ. ಆದರೂ ಅದಕ್ಕೂ ಕಾರ್ಡಿನ ಹೆಸರು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಮೇಷ್ಟ್ರು ಪಟ್ಟಿ ಇಟ್ಟಿದ್ದು ಡಿಬೇಸ್‌ನಲ್ಲಿ. ಕನ್ನಡ ಇರಲಿಲ್ಲ ಅಲ್ಲಿ, ಇಂಗ್ಲಿಷ್ ಅಕ್ಷರದಲ್ಲೇ ನಮ್ಮ ಊರುಗಳ ಹೆಸರು, ಅಜ್ಜಿಯರ ಹೆಸರು. ಡಿಬೇಸ್ ಫೈಲು ಈಗಿನ ಲಿಬ್ರೆ ಆಫೀಸಿನಲ್ಲಿ ಸಲೀಸಾಗಿ ತೆರೆಯುತ್ತೆ. ತೆರೆದರೆ ಇನ್ನೂರು ಚಿಲ್ಲರೆ ಅರ್ಜಿ. ಊರು, ಸರ್ವೆ ನಂಬರ್, ತಾರೀಖು, ಕಚೇರಿ ನಂಬರ್, ಎಲ್ಲಾ.

ಅಷ್ಟಕ್ಕೇ ಬಿಟ್ಟಿದ್ದರೆ ಒಂದು ವಿಷಯ ತಪ್ಪಿಹೋಗ್ತಿತ್ತು. ಫೈಲಿನ ಗಾತ್ರಕ್ಕೂ ಕಾಣ್ತಿದ್ದ ಸಾಲುಗಳಿಗೂ ತಾಳೆ ಆಗ್ತಿರಲಿಲ್ಲ. ಡಿಬೇಸ್‌ನಲ್ಲಿ ಒಂದು ದಾಖಲೆ ಅಳಿಸಿದರೆ ಅದು ನಿಜವಾಗಿ ಹೋಗಲ್ಲ, ಅದರ ಮುಂದೆ ಒಂದು ನಕ್ಷತ್ರದ ಗುರುತು ಬೀಳುತ್ತೆ. ಪ್ಯಾಕ್ ಅಂತ ಆಜ್ಞೆ ಕೊಟ್ಟಾಗಲೇ ಪೂರ್ತಿ ಹೋಗೋದು. ಮೇಷ್ಟ್ರು ಪ್ಯಾಕ್ ಮಾಡಿರಲಿಲ್ಲ. ನಕ್ಷತ್ರ ಬಿದ್ದ ದಾಖಲೆಗಳನ್ನ ಬೇರೆ ತೆಗೆದು ನೋಡಿದೆ. ಎಲ್ಲಾ ಅರ್ಜಿ ವಾಪಸ್ ತಗೊಂಡವರದ್ದು. ಷರಾ ಕಾಲಮ್ಮಿನಲ್ಲಿ "ರಾಜಿ" ಅಂತ ಒಂದೇ ಮಾತು, ತಾರೀಖು. ಎರಡು ಕಡೆ "ರಾಜಿ" ಜೊತೆಗೆ ಜಮೀನು ಬರೆಸಿಕೊಂಡವರ ಮನೆತನದ ಹೆಸರು. ಒಂದು ಊರಿನಲ್ಲಂತೂ ಒಂದೇ ವಾರದಲ್ಲಿ ಏಳು ರಾಜಿ. ಏಳು ಮನೆ ಒಂದೇ ವಾರ ಮನಸ್ಸು ಬದಲಾಯಿಸಲ್ಲ. ಆ ವಾರ ಅಲ್ಲಿ ಏನಾಯ್ತು ಅಂತ ಕೇಳೋಕೆ ಮೊನ್ನೆ ಹೋಗಿದ್ವಿ, ಒಬ್ಬ ಅಜ್ಜಿ ಮಾತ್ರ ಬಾಯಿಬಿಟ್ಟರು. ಅದನ್ನ ಈಗ ಇಲ್ಲಿ ಬರೆಯಲ್ಲ, ಅವರ ಒಪ್ಪಿಗೆ ಸಿಕ್ಕ ಮೇಲೆ ಬರೀತೀನಿ.

ಡಿಸ್ಕಿನ ಪಟ್ಟಿ ತಗೊಂಡು ಹೋಗಿ ಸೀದಾ ಕೋರ್ಟಿಗೆ ಸಾಕ್ಷಿ ಅಂತ ಕೊಡೋಕೆ ಆಗಲ್ಲ ಅನ್ನೋದು ಗೊತ್ತಿರಲಿ. ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಬೇಕು, ಮೊದಲು 65ಬಿ, 2024ರ ಜುಲೈ 1ರಿಂದ ಸಾಕ್ಷ್ಯ ಅಧಿನಿಯಮದ 63ನೇ ಕಲಮು. ಬರೆದ ಮೇಷ್ಟ್ರೂ ಇಲ್ಲ, ಬರೆದ ಮಷಿನ್ನೂ ಇಲ್ಲ. ನಾವು ಮಾಡ್ತಿರೋದು ಇಷ್ಟೇ: ಪಟ್ಟಿಯಲ್ಲಿರೋ ನಂಬರು, ತಾರೀಖು ಹಾಕಿ ದೃಢೀಕೃತ ನಕಲು ಕೇಳ್ತಿದ್ದೀವಿ. ಹಿಂದೆ "ಲಭ್ಯವಿಲ್ಲ" ಅಂದಿದ್ದ ಫೈಲುಗಳಲ್ಲಿ ಒಂದರ ನಕಲು ಹೋದ ತಿಂಗಳು ಕೈಗೆ ಬಂತು. 1992ರ ಅರ್ಜಿ, ಅದರ ಮೇಲೆ ಕಚೇರಿಯ ಸೀಲು.

ನಡುವೆ ಒಂದು ಮಾತು. ಕಂಟ್ರೋಲರ್ ಬುದ್ಧಿಯನ್ನ ಡಿಸ್ಕಿನ ಮೇಲೇ ಕೂರಿಸಿದ ಐಡಿಇ ಡಿಸ್ಕುಗಳು 1986ರ ಹೊತ್ತಿಗೆ ಕಾಂಪ್ಯಾಕ್ ಮಷಿನ್‌ಗಳಲ್ಲಿ ಬಂದವು, 90ರ ದಶಕದಲ್ಲಿ ಎಲ್ಲಾ ಕಡೆ ಅವೇ ಆದವು. ಅವುಗಳಲ್ಲಿ ಈ ಕಾರ್ಡ್ ಜೋಡಿಯ ರಗಳೆ ಇಲ್ಲ. ಇದ್ದರೆ ಸಿಲಿಂಡರ್ ಲೆಕ್ಕದ ತಕರಾರು, 504 ಎಂಬಿ ಮಿತಿ, ಅಂಥವು. ಆದರೆ ಒಂದು ಕೇಬಲ್ಲಿಗೆ ಎರಡು ಐಡಿಇ ಡಿಸ್ಕ್ ಕಟ್ಟಿದರೆ ಜಂಪರ್ ಹಾಕಿ ಒಂದನ್ನ ಮಾಸ್ಟರ್, ಇನ್ನೊಂದನ್ನ ಸ್ಲೇವ್ ಮಾಡಬೇಕಿತ್ತು. ಒಡೆಯ, ಜೀತದಾಳು! ಎಸ್.ಪಿ. ರೋಡಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಆ ಜಂಪರ್ ಹಾಕಿದ್ದೀನಿ. "ಲೋ, ಆ ಸ್ಲೇವ್ ಕೆಲಸ ಮಾಡ್ತಿಲ್ಲ ನೋಡು" ಅಂತ ಓನರ್ ಕೂಗಿದಾಗೆಲ್ಲಾ ಒಂದು ಥರ ಆಗೋದು. 2003ರಲ್ಲಿ ಲಾಸ್ ಏಂಜಲೀಸ್ ಕೌಂಟಿಯವರು ಈ ಪದ ಇರೋ ಲೇಬಲ್ ಬೇಡ ಅಂತ ಕಂಪನಿಗಳಿಗೆ ಪತ್ರ ಬರೆದಾಗ ಪೇಪರಿನವರು ನಕ್ಕಿದ್ದರು. ನನಗೆ ನಗು ಬಂದಿರಲಿಲ್ಲ.

ಬಾಬಾಸಾಹೇಬರ ಬರಹ-ಭಾಷಣಗಳ ಮೊದಲ ಸಂಪುಟವನ್ನ ಮಹಾರಾಷ್ಟ್ರ ಸರ್ಕಾರ ತಂದಿದ್ದು 1979ರಲ್ಲಿ, ಅವರು ಹೋಗಿ 22 ವರ್ಷ ಕಳೆದ ಮೇಲೆ. ಅವರ ಕಾಗದಕ್ಕೇ ಆ ಗತಿ ಆದರೆ ತಾಲ್ಲೂಕಿನ ಮೇಷ್ಟ್ರ ಡಿಸ್ಕಿಗೆ ಯಾರು ಕಾಯ್ತಾರೆ ಹೇಳಿ. ಕಾಗದವಾದರೂ ಕಣ್ಣಿಗೆ ಕಾಣುತ್ತೆ.

ಈಗ ಕೆಲಸದ ಮಾತು. ನಿಮ್ಮ ಕಡೆ ಇಂಥ ಮಷಿನ್ ಇದ್ದರೆ ಆನ್ ಮಾಡಬೇಡಿ, ಬಿಚ್ಚಬೇಡಿ. ಮುಚ್ಚಳ ತೆಗೆದು ಫೋಟೋ ತೆಗೆಯಿರಿ: ಡಿಸ್ಕಿನ ಲೇಬಲ್, ಕಾರ್ಡಿನ ಎರಡೂ ಮುಖ, ಕೇಬಲ್ ಯಾವ ಕಡೆಯಿಂದ ಯಾವ ಪಿನ್ನಿಗೆ ಹೋಗಿದೆ, ಜಂಪರ್ ಎಲ್ಲಿದೆ. ಹಳೇ ಬಿಲ್ಲು, ಜಮಾಖರ್ಚಿನ ಪುಸ್ತಕ, ಫ್ಲಾಪಿ ಮೇಲಿನ ಬರಹ, ಏನಿದ್ದರೂ ಜೊತೆಗಿಡಿ. ಡಿಸ್ಕ್ ಬಿಚ್ಚಲೇಬೇಕು ಅಂದರೆ ಕಾರ್ಡ್, ಎರಡು ಕೇಬಲ್, ಡಿಸ್ಕ್ ಮೂರನ್ನೂ ಒಂದೇ ಚೀಲದಲ್ಲಿ ಕಟ್ಟಿ, ಮೇಲೆ ಊರು, ವರ್ಷ ಬರೆಯಿರಿ. ಬೆಂಗಳೂರಿಗೆ ಬಸ್ಸಲ್ಲಿ ತರೋರು ಲಗೇಜ್ ಡಿಕ್ಕಿಗೆ ಹಾಕಬೇಡಿ, ತೊಡೆ ಮೇಲಿಟ್ಟುಕೊಂಡು ಬನ್ನಿ. ಇನ್‌ಬಾಕ್ಸಿಗೆ ಫೋಟೋ ಕಳಿಸಿದರೆ ಸಾಕು, ನಾನೇ ಬರ್ತೀನಿ.

ಈ ವಾರ ಕೋಲಾರದ ಕಡೆಯಿಂದ ಒಂದು ಡಿಸ್ಕ್ ಬಂದಿದೆ. ಎಸ್‌ಟಿ-251, 40 ಎಂಬಿ, ಜೀತ ವಿಮುಕ್ತಿ ಸರ್ವೆಯ ಪಟ್ಟಿ ಇರಬಹುದು ಅಂತ ತಂದುಕೊಟ್ಟ ಅಣ್ಣ ಹೇಳ್ತಿದ್ದಾರೆ. ಕಾರ್ಡ್ ಇಲ್ಲ. 1997ರ ಆಸುಪಾಸಿನಲ್ಲಿ ಆ ಕಚೇರಿಯ ಮಷಿನ್ ಬಿಚ್ಚಿದೋರು ಯಾರಾದರೂ ಇದನ್ನ ಓದ್ತಿದ್ದರೆ, ಒಳಗಿದ್ದ ಕಾರ್ಡಿನ ಮೇಲೆ ಯಾವ ಕಂಪನಿ ಹೆಸರಿತ್ತು ಅಂತ ನೆನಪಿದ್ದರೆ, ದಯವಿಟ್ಟು ತಿಳಿಸಿ.